ಲಿಂಕನ್ ದಿನದ ಔತಣದಲ್ಲಿ ಮಾತನಾಡಲು ಕರೆ ಬಂದರೆ

ಔತಣಕೂಟದ ಭಾಷಣಕಾರನ ಪಾಡು ವಿಚಿತ್ರವಾದದ್ದು. ಎದುರಿಗೆ ಕುಳಿತವರು ಹಣ ಕೊಟ್ಟು ಬಂದಿದ್ದಾರೆ, ಆದರೆ ಭಾಷಣಕ್ಕಾಗಿ ಅಲ್ಲ. ಹೊಟ್ಟೆ ತುಂಬಿದೆ, ಪಕ್ಕದವರ ಜೊತೆಗಿನ ಹರಟೆ ಅರ್ಧಕ್ಕೆ ನಿಂತಿದೆ, ತಟ್ಟೆಗಳನ್ನು ಎತ್ತುವ ಸದ್ದು ಇನ್ನೂ ಮುಗಿದಿಲ್ಲ. ಅಂಥ ಹೊತ್ತಿನಲ್ಲಿ ನೀವು ಎದ್ದು ನಿಂತು, ಒಂದೂವರೆ ಶತಮಾನದ ಹಿಂದೆ ತೀರಿಕೊಂಡ, ಎಲ್ಲರಿಗೂ ಮೊದಲೇ ಗೊತ್ತಿರುವ ಒಬ್ಬ ಮನುಷ್ಯನ ಬಗ್ಗೆ ಹೊಸದೇನನ್ನಾದರೂ ಹೇಳಬೇಕು. ಅದೂ ಕಳೆದ ವರ್ಷ ಒಬ್ಬರು, ಅದರ ಹಿಂದಿನ ವರ್ಷ ಇನ್ನೊಬ್ಬರು ಹೇಳಿ ಹೋದ ಮೇಲೆ.

ಅಮೆರಿಕದಲ್ಲಿ ಇದು ವರ್ಷವರ್ಷವೂ ನಡೆಯುವ ಆಚರಣೆ. ಅಬ್ರಹಾಂ ಲಿಂಕನ್ ಹುಟ್ಟಿದ್ದು 1809ರ ಫೆಬ್ರವರಿ 12ರಂದು. ಆ ದಿನದ ಆಸುಪಾಸಿನಲ್ಲಿ, ಕೆಲವೆಡೆ ಮುಖ್ಯ ಅತಿಥಿಯ ಬಿಡುವು ನೋಡಿಕೊಂಡು ವಸಂತದವರೆಗೂ, ರಿಪಬ್ಲಿಕನ್ ಪಕ್ಷದ ಕೌಂಟಿ ಘಟಕಗಳು ಲಿಂಕನ್ ದಿನದ ಭೋಜನ ಏರ್ಪಡಿಸುತ್ತವೆ. ಈಚೆಗೆ ಹಲವು ಕಡೆ ಅದು ಲಿಂಕನ್–ರೇಗನ್ ಭೋಜನವಾಗಿದೆ. ಡೆಮಾಕ್ರಟರಿಗೆ ಇಬ್ಬರು ಹಳೆಯ ಅಧ್ಯಕ್ಷರ ಹೆಸರಿನ ಜೆಫರ್ಸನ್–ಜಾಕ್ಸನ್ ಭೋಜನವಿತ್ತು. ಆ ಇಬ್ಬರೂ ಗುಲಾಮರನ್ನು ಇಟ್ಟುಕೊಂಡಿದ್ದವರೆಂಬ ಕಾರಣಕ್ಕೆ 2015ರಿಂದೀಚೆಗೆ ಅನೇಕ ರಾಜ್ಯ ಘಟಕಗಳು ಆ ಹೆಸರನ್ನು ಕೈಬಿಟ್ಟಿವೆ. ಪಕ್ಷಗಳಾಚೆಗೆ, ಇಲಿನಾಯ್‌ನ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಅಬ್ರಹಾಂ ಲಿಂಕನ್ ಅಸೋಸಿಯೇಷನ್ ನಡೆಸುವ ಔತಣವಿದೆ. ಜನ್ಮ ದ್ವಿಶತಮಾನದ ವರ್ಷವಾದ 2009ರಲ್ಲಿ ಅಲ್ಲಿ ಬರಾಕ್ ಒಬಾಮ ಮಾತನಾಡಿದ್ದರು. ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರು ಶಾಲಾ ಮಂಡಳಿಗೂ ನಗರಸಭೆಗೂ ಸ್ಪರ್ಧಿಸುತ್ತಿರುವ ಈ ದಿನಗಳಲ್ಲಿ, ಇಂಥ ಕರೆ ನಿಮ್ಮ ಮನೆಗೂ ಬರಬಹುದು. ಬಂದಾಗ ಏನು ಮಾಡಬೇಕು ಎನ್ನುವುದನ್ನು, ಒಂದೆರಡು ಬಾರಿ ಎಡವಿದವನ ಅನುಭವದಿಂದ ಬರೆಯುತ್ತಿದ್ದೇನೆ.

ಒಪ್ಪುವ ಮೊದಲು ಕೇಳಬೇಕಾದದ್ದು

ಕರೆ ಬಂದ ಸಂತೋಷದಲ್ಲಿ ತಕ್ಷಣ ಹೂಂ ಎಂದುಬಿಡಬೇಡಿ. ಮೊದಲು ಕೇಳಬೇಕಾದದ್ದು: ಇದು ಯಾರ ಔತಣ? ಪಕ್ಷದ ಘಟಕದ್ದಾದರೆ ಅದು ನಿಧಿಸಂಗ್ರಹ. ಅಲ್ಲಿ ಅಭ್ಯರ್ಥಿಗಳಿರುತ್ತಾರೆ, ಹರಾಜು ಇರುತ್ತದೆ, ಲಿಂಕನ್ ಒಂದು ನೆಪ. ಇತಿಹಾಸ ಸಂಘದ್ದೋ ಗ್ರಂಥಾಲಯದ್ದೋ ಆದರೆ ಎದುರಿಗಿರುವವರಲ್ಲಿ ಹತ್ತು ಮಂದಿಯಾದರೂ ನಿಮಗಿಂತ ಹೆಚ್ಚು ಓದಿಕೊಂಡವರು. ತೆರಿಗೆ ವಿನಾಯಿತಿ ಪಡೆದ ದತ್ತಿ ಸಂಸ್ಥೆಯ ವೇದಿಕೆಯಾದರೆ ಯಾವ ಅಭ್ಯರ್ಥಿಗೂ ಬೆಂಬಲ ಸೂಚಿಸುವಂತಿಲ್ಲ. ನಿಮ್ಮ ಒಂದು ತಮಾಷೆಯ ಮಾತು ಅವರ ಕುತ್ತಿಗೆಗೆ ಬರಬಹುದು.

ಇನ್ನೊಂದು ವಿಷಯವನ್ನು ನಮ್ಮವರು ಹೆಚ್ಚಾಗಿ ಗಮನಿಸುವುದಿಲ್ಲ. ಅಮೆರಿಕದ ಪೌರತ್ವವೂ ಇಲ್ಲದ, ಗ್ರೀನ್ ಕಾರ್ಡೂ ಇಲ್ಲದ ವಿದೇಶಿ ಪ್ರಜೆ ಅಲ್ಲಿನ ಯಾವ ಹಂತದ ಚುನಾವಣೆಗೂ ಹಣ ಕೊಡುವಂತಿಲ್ಲ. ಪಕ್ಷದ ಭೋಜನದ ಟಿಕೆಟ್ ಕೂಡ ದೇಣಿಗೆಯ ಲೆಕ್ಕಕ್ಕೇ ಬರುತ್ತದೆ. ನೀವು ಪೌರರಾಗಿದ್ದು, ವೀಸಾದ ಮೇಲಿರುವ ಗೆಳೆಯರನ್ನು ಅಭಿಮಾನದಿಂದ ಒಂದು ಮೇಜು ತುಂಬಿಸಲು ಕರೆದೊಯ್ಯುವ ಯೋಚನೆ ಇದ್ದರೆ, ಮೊದಲು ಆಯೋಜಕರ ಖಜಾಂಚಿಯನ್ನು ವಿಚಾರಿಸಿ.

ಮೂರನೆಯದು ಹೊತ್ತು. ಊಟಕ್ಕೆ ಮೊದಲೋ ನಂತರವೋ? ಹರಾಜಿಗೆ ಮೊದಲೋ ನಂತರವೋ? ಹರಾಜಿನ ನಂತರ ಎಂದರೆ ನಯವಾಗಿ ಕ್ರಮ ಬದಲಿಸಲು ಕೇಳಿ. ಎಷ್ಟು ನಿಮಿಷ ಎಂದು ಕೇಳಿದರೆ "ನಿಮಗೆ ಇಷ್ಟ ಬಂದಷ್ಟು" ಎನ್ನುತ್ತಾರೆ. ಅದನ್ನು ನಂಬಬೇಡಿ.

ಕೊನೆಯದಾಗಿ, ಹಿಂದಿನ ಮೂರು ವರ್ಷಗಳ ಭಾಷಣಗಳಲ್ಲಿ ಏನಿತ್ತು ಎಂದು ಕೇಳಿ. ಪ್ರತಿ ಅಥವಾ ಧ್ವನಿಮುದ್ರಿಕೆ ಸಿಕ್ಕಿದರೆ ಅದೃಷ್ಟ. ಸಿಗದಿದ್ದರೂ ಊಹಿಸಬಹುದು: ಕೆಂಟಕಿಯ ಮರದ ದಿಮ್ಮಿಗಳ ಗುಡಿಸಲು, ಒಲೆಯ ಬೆಳಕಿನಲ್ಲಿ ಓದು, ಸೋತ ಚುನಾವಣೆಗಳ ಪಟ್ಟಿ, ಗೆಟ್ಟಿಸ್‌ಬರ್ಗ್ ಭಾಷಣ, ಗುಂಡೇಟು ಬಿದ್ದ ಫೋರ್ಡ್ಸ್ ಥಿಯೇಟರ್. ಈ ಐದನ್ನೂ ಬಿಟ್ಟುಬಿಡಿ ಎನ್ನುವುದಿಲ್ಲ. ಐದನ್ನೂ ಸೇರಿಸಿ ಒಂದು ಜೀವನಚರಿತ್ರೆ ಕಟ್ಟಬೇಡಿ ಎನ್ನುತ್ತೇನೆ.

ಬದುಕನ್ನು ಬಿಡಿ, ಒಂದು ಕಾಗದವನ್ನು ಹಿಡಿಯಿರಿ

ಈ ಲೇಖನದಲ್ಲಿ ನನಗೆ ನಿಜವಾಗಿ ಹೇಳಬೇಕಿರುವುದು ಇಷ್ಟೇ. ಹನ್ನೆರಡು ನಿಮಿಷಗಳಲ್ಲಿ ಐವತ್ತಾರು ವರ್ಷಗಳ ಬದುಕು ಹಿಡಿಸುವುದಿಲ್ಲ. ಆ ಮನುಷ್ಯ ಬರೆದ ಒಂದು ಪುಟ ಹಿಡಿಸುತ್ತದೆ. ಬದುಕನ್ನು ಹೇಳಹೊರಟವನು ಹೊಗಳುಭಟನಾಗುತ್ತಾನೆ, ಏಕೆಂದರೆ ಸಮಯ ಸಾಲದಾದಾಗ ಉಳಿಯುವುದು ವಿಶೇಷಣಗಳು ಮಾತ್ರ. ಒಂದು ಪುಟವನ್ನು ಹಿಡಿದವನ ಕೈಯಲ್ಲಿ ತಾರೀಖು ಇರುತ್ತದೆ, ಓದುಗನೊಬ್ಬ ಇರುತ್ತಾನೆ, ಒಂದು ಇಕ್ಕಟ್ಟು ಇರುತ್ತದೆ. ಕೇಳುವವರಿಗೆ ಅದು ಕಥೆ.

ಯಾವ ಪುಟ? ಲಿಂಕನ್ ವಿಷಯದಲ್ಲಿ ಆಯ್ಕೆಗೆ ಬರವಿಲ್ಲ. ನನಗೆ ಪ್ರಿಯವಾದ ಕೆಲವು ಇಲ್ಲಿವೆ.

1864ರ ಆಗಸ್ಟ್ 23. ಅಂತರ್ಯುದ್ಧ ಮುಗಿಯುವ ಲಕ್ಷಣವಿಲ್ಲ, ಚುನಾವಣೆ ಸೋಲುವುದು ಖಚಿತ ಎನ್ನುವ ವಾತಾವರಣ. ಲಿಂಕನ್ ಒಂದು ಚಿಕ್ಕ ಟಿಪ್ಪಣಿ ಬರೆದು, ಒಳಗೇನಿದೆ ಎಂದು ತೋರಿಸದೆ, ಅದರ ಬೆನ್ನಿಗೆ ಸಚಿವರೆಲ್ಲರ ಸಹಿ ಹಾಕಿಸುತ್ತಾರೆ. ಒಳಗಿದ್ದದ್ದು: ಈ ಆಡಳಿತ ಮತ್ತೆ ಆಯ್ಕೆಯಾಗುವುದು ಕಷ್ಟ, ಹಾಗಾದರೆ ಚುನಾಯಿತನಾಗುವ ಹೊಸ ಅಧ್ಯಕ್ಷನ ಜೊತೆ ಕೈಜೋಡಿಸಿ, ಅವನು ಅಧಿಕಾರ ವಹಿಸಿಕೊಳ್ಳುವುದರೊಳಗೆ ಒಕ್ಕೂಟವನ್ನು ಉಳಿಸುವುದು ನನ್ನ ಕರ್ತವ್ಯ. ನವೆಂಬರಿನಲ್ಲಿ ಗೆದ್ದ ಮೇಲೆ ಅದನ್ನು ಸಚಿವ ಸಂಪುಟದ ಮುಂದೆ ಬಿಚ್ಚಿ ಓದಿದರು. ಚುನಾವಣೆ ಎದುರಿಸುವವರೇ ತುಂಬಿರುವ ಸಭಾಂಗಣಕ್ಕೆ ಇದಕ್ಕಿಂತ ಒಳ್ಳೆಯ ವಸ್ತು ನನಗೆ ಗೊತ್ತಿಲ್ಲ.

1863ರ ಜುಲೈ 14. ಗೆಟ್ಟಿಸ್‌ಬರ್ಗ್ ಕದನ ಗೆದ್ದ ಜನರಲ್ ಮೀಡ್, ಹಿಂದೆ ಸರಿಯುತ್ತಿದ್ದ ಶತ್ರುವನ್ನು ಬೆನ್ನಟ್ಟಿ ಮುಗಿಸಲಿಲ್ಲ ಎಂಬ ಸಂಕಟದಿಂದ ಲಿಂಕನ್ ಆ ಜನರಲ್‌ಗೆ ಖಾರವಾದ ಪತ್ರ ಬರೆಯುತ್ತಾರೆ. ಬರೆದು ಲಕೋಟೆಯೊಳಗೆ ಇಟ್ಟುಬಿಡುತ್ತಾರೆ. ಅದರ ಮೇಲಿನ ಒಕ್ಕಣೆ: ಜನರಲ್ ಮೀಡ್‌ಗೆ, ಕಳಿಸಿಲ್ಲ, ಸಹಿ ಮಾಡಿಲ್ಲ. ಕೋಪ ಬಂದ ಗಳಿಗೆಯಲ್ಲೇ ಮೊಬೈಲ್‌ನಲ್ಲಿ ಸಂದೇಶ ಒತ್ತಿ ಕಳಿಸುವ ನಮ್ಮ ಕಾಲದ ಮುಂದೆ ಇದನ್ನು ಇಟ್ಟರೆ ಸಾಕು, ವಿವರಣೆ ಬೇಕಿಲ್ಲ.

ಅದೇ ವರ್ಷದ ಜನವರಿ 26. ಜನರಲ್ ಹೂಕರ್‌ಗೆ ಪೊಟೊಮ್ಯಾಕ್ ಸೇನೆಯ ಮುಖ್ಯಸ್ಥನ ಪಟ್ಟ ಕೊಟ್ಟ ಪತ್ರ. ಅದರಲ್ಲೇ ಅವನ ತಪ್ಪುಗಳ ಪಟ್ಟಿಯೂ ಇದೆ. ದೇಶಕ್ಕೊಬ್ಬ ಸರ್ವಾಧಿಕಾರಿ ಬೇಕು ಎಂದು ನೀನು ಹೇಳಿದೆಯಂತೆ. ಗೆದ್ದ ಜನರಲ್‌ಗಳು ಮಾತ್ರ ಸರ್ವಾಧಿಕಾರಿಗಳಾಗಬಲ್ಲರು. ಮೊದಲು ಗೆಲುವು ತಾ, ಸರ್ವಾಧಿಕಾರದ ಅಪಾಯವನ್ನು ನಾನು ಎದುರಿಸುತ್ತೇನೆ ಎಂಬ ಧಾಟಿ. ಗದರಿಕೆ, ವಿಶ್ವಾಸ, ವ್ಯಂಗ್ಯ ಮೂರೂ ಒಂದೇ ಉಸಿರಿನಲ್ಲಿ.

ಗೆಟ್ಟಿಸ್‌ಬರ್ಗ್ ಭಾಷಣವನ್ನೇ ಹಿಡಿಯಬೇಡಿ. ಅದು ಎಲ್ಲರಿಗೂ ಬಾಯಿಪಾಠ. ನೀವು ಓದುತ್ತಿರುವಾಗ ಅವರು ತುಟಿ ಆಡಿಸುತ್ತಾರೆ, ಕೇಳುವುದಿಲ್ಲ.

ಮಾದರಿ ಬೇಕೆಂದರೆ ಲಿಂಕನ್ನರೇ ಇದ್ದಾರೆ

1859ರ ವಸಂತದಲ್ಲಿ ಬಾಸ್ಟನ್ ನಗರದ ಕೆಲವರು, ಅಮೆರಿಕದ ಸ್ವಾತಂತ್ರ್ಯ ಘೋಷಣೆ ಬರೆದ ಥಾಮಸ್ ಜೆಫರ್ಸನ್ ಜನ್ಮದಿನದ ಸಮಾರಂಭಕ್ಕೆ ಲಿಂಕನ್ ಅವರನ್ನು ಕರೆದಿದ್ದರು. ನಿಮಗೆ ಬಂದಂಥದ್ದೇ ಕರೆ. ಅವರಿಗೆ ಹೋಗಲಾಗಲಿಲ್ಲ. ಏಪ್ರಿಲ್ 6ರಂದು ಸ್ಪ್ರಿಂಗ್‌ಫೀಲ್ಡ್‌ನಿಂದ ಒಂದು ಪತ್ರ ಬರೆದು ಕಳಿಸಿದರು. ಗತಿಸಿದ ನಾಯಕನನ್ನು ಹೊಗಳುವುದು ಹೇಗೆ ಎನ್ನುವುದಕ್ಕೆ ಅಷ್ಟು ಚಿಕ್ಕದಾದ, ಅಷ್ಟು ಅಚ್ಚುಕಟ್ಟಾದ ಬರಹವನ್ನು ನಾನು ಬೇರೆ ನೋಡಿಲ್ಲ. ಅದನ್ನು ಮುಂದಿಟ್ಟುಕೊಂಡು ನಿಮ್ಮ ಭಾಷಣದ ಚೌಕಟ್ಟು ಹಾಕಿಕೊಳ್ಳಬಹುದು.

ಪತ್ರ ಹೊಗಳಿಕೆಯಿಂದ ಶುರುವಾಗುವುದಿಲ್ಲ, ಒಂದು ಸೋಜಿಗದಿಂದ ಶುರುವಾಗುತ್ತದೆ. ಜೆಫರ್ಸನ್ ಪಕ್ಷದ ವಾರಸುದಾರರು ಎನ್ನಿಸಿಕೊಂಡವರು ಅವರ ಹೆಸರೆತ್ತುವುದನ್ನೇ ಬಿಟ್ಟಿದ್ದಾರೆ. ಅವರ ವಿರೋಧಿಗಳ ಕೋಟೆಯಾಗಿದ್ದ ಬಾಸ್ಟನ್ನಿನಲ್ಲಿ, ವಿರೋಧಿಗಳ ವಂಶದವರು ಈಗ ಅವರ ಹುಟ್ಟುಹಬ್ಬ ಆಚರಿಸುತ್ತಿದ್ದಾರೆ. ಇದೇನು ವಿಚಿತ್ರ!

ಆಮೇಲೆ ಒಂದು ನಗೆ. ದಪ್ಪ ಕೋಟು ತೊಟ್ಟ ಇಬ್ಬರು ಕುಡುಕರು ಜಗಳಕ್ಕೆ ಬಿದ್ದದ್ದನ್ನು ಒಮ್ಮೆ ಕಂಡಿದ್ದೆ, ಎನ್ನುತ್ತಾರೆ ಲಿಂಕನ್. ಬಹಳ ಹೊತ್ತು ಗುದ್ದಾಡಿ ಬಿಡಿಸಿಕೊಂಡಾಗ ನೋಡಿದರೆ, ಇವನ ಕೋಟು ಅವನ ಮೈಮೇಲೆ, ಅವನ ಕೋಟು ಇವನ ಮೈಮೇಲೆ. ಇವತ್ತಿನ ಎರಡು ಪಕ್ಷಗಳ ಕಥೆಯೂ ಅದೇ.

ನಗು ಇಳಿಯುವ ಮೊದಲೇ ಪತ್ರ ಗಂಭೀರವಾಗುತ್ತದೆ. ಎಲ್ಲರೂ ಸಮಾನರು ಎಂಬ ಜೆಫರ್ಸನ್ ತತ್ವವನ್ನು ಕೆಲವರು ಥಳುಕಿನ ಮಾತು ಎಂದು ತಳ್ಳಿಹಾಕುತ್ತಿದ್ದಾರೆ, ಕೆಲವರು ಸುಳ್ಳು ಎನ್ನುತ್ತಿದ್ದಾರೆ. ಯೂಕ್ಲಿಡ್‌ನ ಸರಳ ಪ್ರಮೇಯಗಳನ್ನು ಯಾವ ಹುಡುಗನಿಗಾದರೂ ಒಪ್ಪಿಸಬಹುದು. ಆದರೆ ಮೂಲ ವ್ಯಾಖ್ಯೆಗಳನ್ನೇ ಅಲ್ಲಗಳೆಯುವವನ ಮುಂದೆ ಏನೂ ನಡೆಯುವುದಿಲ್ಲ. ಸ್ವತಂತ್ರ ಸಮಾಜಕ್ಕೆ ಜೆಫರ್ಸನ್ ತತ್ವಗಳು ಅಂಥ ಮೂಲ ವ್ಯಾಖ್ಯೆಗಳು. ಇತರರಿಗೆ ಸ್ವಾತಂತ್ರ್ಯ ನಿರಾಕರಿಸುವವರು ತಾವೂ ಅದಕ್ಕೆ ಅರ್ಹರಲ್ಲ.

ಹೊಗಳಿಕೆ ಬರುವುದು ಕಟ್ಟಕಡೆಗೆ. ಜೆಫರ್ಸನ್ನರಿಗೆ ಸಕಲ ಗೌರವ, ಎನ್ನುತ್ತಾರೆ. ಏಕೆಂದರೆ ಒಂದು ಜನಾಂಗದ ಬಿಡುಗಡೆಯ ಹೋರಾಟದ ಒತ್ತಡದ ನಡುವೆಯೂ, ಬರಿಯ ಕ್ರಾಂತಿಯ ದಸ್ತಾವೇಜೊಂದರಲ್ಲಿ ಎಲ್ಲ ಜನರಿಗೂ ಎಲ್ಲ ಕಾಲಕ್ಕೂ ಸಲ್ಲುವ ಸತ್ಯವೊಂದನ್ನು ಸೇರಿಸುವ ತಣ್ಣನೆಯ ಬುದ್ಧಿ ಅವರಿಗಿತ್ತು.

ಈ ಕ್ರಮವನ್ನು ಗಮನಿಸಿ. ಹುಟ್ಟೂರು ಇಲ್ಲ, ತಂದೆತಾಯಿ ಇಲ್ಲ, ಪದವಿಗಳ ಪಟ್ಟಿ ಇಲ್ಲ. ಜೆಫರ್ಸನ್ ಮಾಡಿದ ಒಂದೇ ಒಂದು ಕೆಲಸವಿದೆ, ಆ ಕೆಲಸಕ್ಕೆ ಇವತ್ತು ಒದಗಿರುವ ಅಪಾಯವಿದೆ. ನಿಮ್ಮ ಕರಡಿನಲ್ಲೂ ಹೀಗೇ ಮಾಡಿ: ಸೋಜಿಗ, ನಗೆ, ಇವತ್ತಿನ ಇಕ್ಕಟ್ಟು, ಕೊನೆಗೆ ಗೌರವ. ನಗೆಯ ಕಥೆ ವಿಷಯದ ಹೊಟ್ಟೆಯಿಂದಲೇ ಹುಟ್ಟಿರಬೇಕು. ಕುಡುಕರ ಕೋಟು ಬರಿಯ ತಮಾಷೆಯಲ್ಲ, ಇಡೀ ವಾದವೇ ಅದರಲ್ಲಿದೆ. ಅಂತರ್ಜಾಲದಿಂದ ಆರಿಸಿ ತಂದ ನಗೆಹನಿಯನ್ನು ಮೊದಲಿಗೆ ಅಂಟಿಸಿದರೆ ಅದು ಅಂಟಿಸಿದ್ದೆಂದೇ ಕಾಣುತ್ತದೆ.

ಪತ್ರದಲ್ಲಿ ಇಲ್ಲದ ಒಂದು ಸಂಗತಿಯೂ ಇದೆ. ಜೆಫರ್ಸನ್ ಸ್ವತಃ ಗುಲಾಮರ ಒಡೆಯರಾಗಿದ್ದರು ಎನ್ನುವುದನ್ನು ಲಿಂಕನ್ ಎತ್ತುವುದಿಲ್ಲ. 1859ರಲ್ಲಿ ಅದಕ್ಕೆ ಅವರದೇ ಕಾರಣಗಳಿದ್ದವು. ಇವತ್ತು ನಿಮಗೆ ಆ ಮೌನ ಸಲ್ಲುವುದಿಲ್ಲ.

ಕೊರತೆಯನ್ನು ಹೇಳುವ ಬಗೆ

ಪೂಜ್ಯ ವ್ಯಕ್ತಿಯ ತಪ್ಪುಗಳನ್ನು ಹಬ್ಬದ ಮನೆಯಲ್ಲಿ ಹೇಳುವುದು ಹೇಗೆ? ಹೇಳದಿದ್ದರೆ ಕೇಳುವವರಲ್ಲಿ ಬುದ್ಧಿವಂತರು ನಿಮ್ಮನ್ನು ನಂಬುವುದಿಲ್ಲ. ಹೇಳಿದರೆ ಆಯೋಜಕರ ಮುಖ ಸಪ್ಪಗಾಗುತ್ತದೆ. ಈ ಕಷ್ಟದಿಂದ ಪಾರಾದವರು ಒಬ್ಬರಿದ್ದಾರೆ: ಫ್ರೆಡರಿಕ್ ಡಗ್ಲಸ್.

1876ರ ಏಪ್ರಿಲ್ 14, ಲಿಂಕನ್ ಗುಂಡೇಟು ತಿಂದು ಹನ್ನೊಂದು ವರ್ಷ. ಬಿಡುಗಡೆ ಹೊಂದಿದ ಗುಲಾಮರ ಹಣದಿಂದ ಕಟ್ಟಿದ ಸ್ಮಾರಕ ವಾಷಿಂಗ್ಟನ್ನಿನಲ್ಲಿ ಅನಾವರಣಗೊಳ್ಳುತ್ತದೆ. ಎದುರಿಗೆ ಅಧ್ಯಕ್ಷ ಗ್ರಾಂಟ್ ಕುಳಿತಿದ್ದಾರೆ. ತಾವೇ ಗುಲಾಮರಾಗಿ ಹುಟ್ಟಿದ್ದ ಡಗ್ಲಸ್ ಎದ್ದು ನಿಂತು, ಲಿಂಕನ್ ಪೂರ್ಣ ಅರ್ಥದಲ್ಲಿ ನಮ್ಮವರೂ ಆಗಿರಲಿಲ್ಲ, ನಮ್ಮ ಮಾದರಿಯೂ ಆಗಿರಲಿಲ್ಲ, ಅವರು ಮುಖ್ಯವಾಗಿ ಬಿಳಿಯರ ಅಧ್ಯಕ್ಷರು ಎಂದು ನೇರವಾಗಿ ಹೇಳುತ್ತಾರೆ. ನಂತರ ಅದೇ ಮಾತಿನ ಮೇಲೆ ಕಟ್ಟುತ್ತಾ ಹೋಗುತ್ತಾರೆ: ಗುಲಾಮಗಿರಿ ವಿರೋಧಿಗಳ ಕಣ್ಣಿಗೆ ಲಿಂಕನ್ ನಿಧಾನಿ, ತಣ್ಣಗಿನವರು; ಆದರೆ ದೇಶದ ಜನಾಭಿಪ್ರಾಯದ ಅಳತೆಯಲ್ಲಿ ನೋಡಿದರೆ ಚುರುಕು, ದಿಟ್ಟ. ಕೊರತೆಯನ್ನು ಮೊದಲು ಇಟ್ಟದ್ದರಿಂದಲೇ ಕೊನೆಯ ಗೌರವಕ್ಕೆ ತೂಕ ಬಂತು. ಹೊಗಳಿಕೆಯ ನಡುವೆ ಒಂದು "ಆದರೆ" ತುರುಕುವುದಕ್ಕಿಂತ, ಕೊರತೆಯಿಂದ ಹೊರಟು ಗೌರವಕ್ಕೆ ಬರುವ ದಾರಿ ಗಟ್ಟಿಯಾದದ್ದು.

ನಾಯಕನ ಕೊರತೆಯಷ್ಟೇ ಅಲ್ಲ, ಆಚರಣೆಯ ಕೊರತೆಯನ್ನೂ ಹೇಳಬಹುದು. 1909ರ ಫೆಬ್ರವರಿ 12ರಂದು, ಲಿಂಕನ್ ಜನ್ಮಶತಮಾನದ ದಿನ, ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಭಾರಿ ಔತಣ ನಡೆಯಿತು. ಬ್ರಿಟನ್ ಮತ್ತು ಫ್ರಾನ್ಸ್ ರಾಯಭಾರಿಗಳು ಬಂದಿದ್ದರು, ಡೆಮಾಕ್ರಟಿಕ್ ಪಕ್ಷದ ನಾಯಕ ವಿಲಿಯಂ ಜೆನಿಂಗ್ಸ್ ಬ್ರಯನ್ ಮಾತನಾಡಿದರು. ಕಪ್ಪು ಜನರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಅವರು ತಮ್ಮ ಚರ್ಚಿನಲ್ಲಿ ಬೇರೆಯೇ ಸೇರಿ ಆಚರಿಸಿಕೊಂಡರು. ಅದಕ್ಕೆ ಆರು ತಿಂಗಳ ಹಿಂದೆ, 1908ರ ಆಗಸ್ಟ್‌ನಲ್ಲಿ, ಅದೇ ಊರಿನಲ್ಲಿ ಅವರ ಮನೆಗಳನ್ನು ಸುಡಲಾಗಿತ್ತು. ಆ ಗಲಭೆಯ ಆಘಾತದಿಂದ ಹುಟ್ಟಿದ, ಕಪ್ಪು ಜನರ ಹಕ್ಕುಗಳಿಗಾಗಿ ಹೋರಾಡುವ ಎನ್‌ಎಎಸಿಪಿ ಸಂಘಟನೆ ತನ್ನ ಸ್ಥಾಪನೆಯ ದಿನವೆಂದು ಲೆಕ್ಕ ಹಿಡಿಯುವುದೂ ಅದೇ 1909ರ ಫೆಬ್ರವರಿ 12ನ್ನೇ. ಒಂದೇ ದಿನ, ಒಂದೇ ಹೆಸರು. ಒಳಗೆ ಔತಣ, ಹೊರಗೆ ಹೋರಾಟ. ಸೋಜಿಗದಿಂದ ಶುರುಮಾಡಬೇಕು ಎಂದೆನಲ್ಲ, ಇದಕ್ಕಿಂತ ಬೇಕೆ?

ಉದ್ಧರಣೆಗಳನ್ನು ಸೋಸುವುದು

ಇಲ್ಲಿ ನನ್ನ ಅವಮಾನದ ಕಥೆ. ಮೊದಲ ಬಾರಿ ಇಂಥ ವೇದಿಕೆಯಲ್ಲಿ ನಿಂತಾಗ, ಬಲಶಾಲಿಗಳನ್ನು ದುರ್ಬಲಗೊಳಿಸಿ ದುರ್ಬಲರನ್ನು ಬಲಪಡಿಸಲಾಗದು ಎಂಬ ಧಾಟಿಯ ಸಾಲುಗಳನ್ನು ಲಿಂಕನ್ನರ ಮಾತೆಂದು ಗಂಭೀರವಾಗಿ ಓದಿದೆ. ಚಪ್ಪಾಳೆಯೂ ಬಂತು. ಕೋಟು ತೆಗೆದುಕೊಳ್ಳಲು ನಿಂತಿದ್ದಾಗ ವೃದ್ಧರೊಬ್ಬರು ಹತ್ತಿರ ಬಂದು, ಬಹಳ ಮೃದುವಾಗಿ, ಅದು 1916ರಲ್ಲಿ ವಿಲಿಯಂ ಬೋಟ್ಕರ್ ಎಂಬ ಪಾದ್ರಿ ಪ್ರಕಟಿಸಿದ್ದು ಎಂದರು. ರೊನಾಲ್ಡ್ ರೇಗನ್ ಕೂಡ 1992ರ ಪಕ್ಷದ ಸಮಾವೇಶದಲ್ಲಿ ಇದೇ ಹಳ್ಳಕ್ಕೆ ಬಿದ್ದಿದ್ದರು ಎಂದು ನನ್ನನ್ನು ಸಮಾಧಾನಪಡಿಸಿದರು. ಸಮಾಧಾನವೇನೂ ಆಗಲಿಲ್ಲ.

ಅಂದಿನಿಂದ ನನ್ನ ನಿಯಮ ಸರಳ. ಲಿಂಕನ್ನರ ಸಮಗ್ರ ಬರಹಗಳು 1953ರಲ್ಲಿ ಎಂಟು ಸಂಪುಟಗಳಲ್ಲಿ ಬಂದಿವೆ. ಮಿಶಿಗನ್ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಅವು ಉಚಿತವಾಗಿ ಸಿಗುತ್ತವೆ, ಪದ ಹಾಕಿ ಹುಡುಕಬಹುದು. ಅಲ್ಲಿ ಸಿಗದ ಮಾತನ್ನು ನಾನು ಆಡುವುದಿಲ್ಲ. ಎಲ್ಲರನ್ನೂ ಸದಾಕಾಲ ಮೋಸಗೊಳಿಸಲಾಗದು ಎಂಬ ಪ್ರಸಿದ್ಧ ಮಾತಿಗೆ ಅವರ ಕಾಲದ ದಾಖಲೆಯ ಆಧಾರವಿಲ್ಲ. ಗೆಟ್ಟಿಸ್‌ಬರ್ಗ್ ಭಾಷಣವನ್ನು ರೈಲಿನಲ್ಲಿ ಲಕೋಟೆಯ ಬೆನ್ನಿಗೆ ಗೀಚಿದರು ಎನ್ನುವುದೂ ಕಟ್ಟುಕಥೆ; ಉಳಿದಿರುವ ಕರಡಿನ ಮೊದಲ ಪುಟ ಅಧ್ಯಕ್ಷರ ನಿವಾಸದ ಅಧಿಕೃತ ಕಾಗದದ ಮೇಲಿದೆ.

ಸಂಗ್ರಹದಲ್ಲಿ ಇದ್ದ ಮಾತ್ರಕ್ಕೆ ಎಲ್ಲವೂ ನಿಶ್ಚಿಂತೆ ಎಂದಲ್ಲ. ಐದು ಗಂಡುಮಕ್ಕಳನ್ನು ಯುದ್ಧದಲ್ಲಿ ಕಳೆದುಕೊಂಡಳು ಎನ್ನಲಾದ ಬಿಕ್ಸ್‌ಬಿ ಎಂಬ ತಾಯಿಗೆ 1864ರ ನವೆಂಬರಿನಲ್ಲಿ ಹೋದ ಸಾಂತ್ವನ ಪತ್ರವನ್ನು ಓದಿ ಕಣ್ಣೀರು ತರಿಸುವ ಭಾಷಣಕಾರರು ಬಹಳ. ಕದನದಲ್ಲಿ ಸತ್ತದ್ದು ಖಚಿತವಾಗಿರುವುದು ಇಬ್ಬರು ಮಾತ್ರ. ಪತ್ರವನ್ನು ಬರೆದದ್ದೇ ಲಿಂಕನ್ ಅಲ್ಲ, ಕಾರ್ಯದರ್ಶಿ ಜಾನ್ ಹೇ ಎನ್ನುವ ವಿದ್ವಾಂಸರೂ ಇದ್ದಾರೆ. ಓದಲೇಬೇಕೆಂದರೆ ಈ ಗೊಂದಲವನ್ನೂ ಹೇಳಿ ಓದಿ. ಅದೇ ಒಂದು ಒಳ್ಳೆಯ ಕಥೆ.

ಇವತ್ತಿಗೆ ಸೇತುವೆ ಹಾಕುವಾಗ

ನಾಯಕನನ್ನು ಬಾಗಿಲಲ್ಲಿ ಚಪ್ಪಲಿಯ ಹಾಗೆ ಬಿಟ್ಟು ಒಳಹೋಗುವವರಿದ್ದಾರೆ. 1950ರ ಫೆಬ್ರವರಿ 9ರಂದು ವೆಸ್ಟ್ ವರ್ಜೀನಿಯಾದ ವೀಲಿಂಗ್ ಊರಿನ ಮೆಕ್ಲೂರ್ ಹೋಟೆಲಿನಲ್ಲಿ ರಿಪಬ್ಲಿಕನ್ ಮಹಿಳಾ ಕ್ಲಬ್ಬಿನ ಲಿಂಕನ್ ದಿನದ ಭೋಜನವಿತ್ತು. ಅಷ್ಟೇನೂ ಹೆಸರಿಲ್ಲದ ಸೆನೆಟರ್ ಜೋಸೆಫ್ ಮೆಕಾರ್ಥಿ ಅತಿಥಿ. ಲಿಂಕನ್ನರ 141ನೇ ಹುಟ್ಟುಹಬ್ಬ ಎಂದು ಶುರುಮಾಡಿ, ಬೇಗನೆ ವಿದೇಶಾಂಗ ಇಲಾಖೆಯೊಳಗಿನ ಕಮ್ಯುನಿಸ್ಟರ ಪಟ್ಟಿಗೆ ಜಿಗಿದರು. ಪಟ್ಟಿಯಲ್ಲಿ 205 ಹೆಸರುಗಳೆಂದರೋ 57 ಎಂದರೋ ಎಂಬ ಜಗಳ ಆಮೇಲೆ ವರ್ಷಗಟ್ಟಲೆ ನಡೆಯಿತು, ಏಕೆಂದರೆ ಆ ರಾತ್ರಿಯ ಧ್ವನಿಮುದ್ರಣ ಉಳಿದಿಲ್ಲ. ಸಣ್ಣ ಊರಿನ ಊಟದ ಭಾಷಣ ಯಾರ ಗಮನಕ್ಕೂ ಬರುವುದಿಲ್ಲ ಎಂದುಕೊಳ್ಳುವವರು ಇದನ್ನು ನೆನಪಿಡಬೇಕು. ಈಗಂತೂ ಪ್ರತಿ ಮೇಜಿನ ಮೇಲೂ ಎಂಟು ಮೊಬೈಲ್‌ಗಳಿರುತ್ತವೆ.

ನಾನು ಹೀಗೆ ಪರೀಕ್ಷಿಸುತ್ತೇನೆ: ಭಾಷಣದ ಕೊನೆಯ ಮೂರನೇ ಒಂದು ಭಾಗದಲ್ಲಿ ಲಿಂಕನ್ ಹೆಸರನ್ನು ಹೊಡೆದುಹಾಕಿ ಓದಿ. ಏನೂ ಕೆಡಲಿಲ್ಲ ಎಂದರೆ ಅವರು ಅಲ್ಲಿ ಇರಲೇ ಇಲ್ಲ. "ಲಿಂಕನ್ ಇವತ್ತು ಇದ್ದಿದ್ದರೆ ಈ ಮಸೂದೆಯನ್ನು ಬೆಂಬಲಿಸುತ್ತಿದ್ದರು" ಎಂಬ ವಾಕ್ಯವನ್ನಂತೂ ಬರೆಯಲೇಬೇಡಿ. ಸತ್ತವರ ಮತವನ್ನು ನಾವು ಚಲಾಯಿಸುವಂತಿಲ್ಲ. ಅವರು ಎದುರಿಸಿದ ಪ್ರಶ್ನೆಯನ್ನು ಇವತ್ತಿನ ಮೇಜಿನ ಮೇಲಿಡಿ, ಉತ್ತರವನ್ನು ಕೇಳುವವರಿಗೆ ಬಿಡಿ.

ಬರೆದು, ಕಡಿದು, ಗಟ್ಟಿಯಾಗಿ ಓದುವುದು

ಇಂಗ್ಲಿಷಿನಲ್ಲಿ ನಿಮಿಷಕ್ಕೆ ಸುಮಾರು 130 ಪದಗಳ ಲೆಕ್ಕ ಹಿಡಿದರೆ ಹನ್ನೆರಡು ನಿಮಿಷಕ್ಕೆ 1,500 ಪದಗಳು. ಅದಕ್ಕಿಂತ ಹೆಚ್ಚಾದರೆ ಹನುಮಂತನ ಬಾಲ. ಗೆಟ್ಟಿಸ್‌ಬರ್ಗ್‌ನಲ್ಲಿ ಅಂದಿನ ಮುಖ್ಯ ಭಾಷಣಕಾರ ಎಡ್ವರ್ಡ್ ಎವರೆಟ್ ಎರಡು ಗಂಟೆ ಮಾತನಾಡಿದ ಮೇಲೆ ಲಿಂಕನ್ ಹತ್ತು ವಾಕ್ಯ, ಸುಮಾರು 270 ಪದಗಳಲ್ಲಿ ಮುಗಿಸಿದರು. ಮರುದಿನ ಎವರೆಟ್ ಬರೆದರು: ನೀವು ಎರಡು ನಿಮಿಷದಲ್ಲಿ ಮುಟ್ಟಿದ ತಿರುಳಿನ ಹತ್ತಿರಕ್ಕೆ ನಾನು ಎರಡು ಗಂಟೆಯಲ್ಲಿ ಬಂದಿದ್ದೇನೆ ಎಂದುಕೊಳ್ಳಲು ಸಾಧ್ಯವಾದರೆ ನನಗೆ ಸಂತೋಷ. ಎವರೆಟ್ ದೊಡ್ಡ ಮನುಷ್ಯ. ನಿಮ್ಮ ಸಭಿಕರು ಅಷ್ಟು ಉದಾರಿಗಳಾಗಿರಲಾರರು.

ಕನ್ನಡ ಬಲ್ಲವರಿಗೆ ಒಂದು ವಿಶೇಷ ಅನುಕೂಲವಿದೆ. ಕರಡನ್ನು ಇಂಗ್ಲಿಷಿನಲ್ಲಿ ಬರೆದ ಮೇಲೆ ಮನೆಯಲ್ಲಿ ಯಾರನ್ನಾದರೂ ಕೂರಿಸಿಕೊಂಡು ಪ್ರತಿ ಪ್ಯಾರಾವನ್ನು ಕನ್ನಡದಲ್ಲಿ ಹೇಳಿ ನೋಡಿ. ಸಮಾರಂಭದ ಇಂಗ್ಲಿಷಿಗೆ ಅದರದೇ ಘಂಟಾನಾದವಿದೆ. ಅರ್ಥವಿಲ್ಲದಿದ್ದರೂ ಕಿವಿಗೆ ಇಂಪು. "ಅವರ ಶಾಶ್ವತ ಪರಂಪರೆ ನಮ್ಮ ಮುಂದಿನ ದಾರಿಯನ್ನು ಬೆಳಗಿಸುತ್ತದೆ" ಎಂದು ಅಡುಗೆಮನೆಯಲ್ಲಿ ನಿಂತು ಹೇಳಿದಾಗ ನಿಮಗೇ ನಗು ಬಂದರೆ ಆ ವಾಕ್ಯವನ್ನು ಕಿತ್ತುಹಾಕಿ. ಸಚಿವರು ಓದದೆ ಸಹಿ ಹಾಕಿದ ಟಿಪ್ಪಣಿಯ ಕಥೆಗೆ ಹೀಗಾಗುವುದಿಲ್ಲ. ಯಾವ ಭಾಷೆಯಲ್ಲಿ ಹೇಳಿದರೂ ಅದು ನಿಲ್ಲುತ್ತದೆ.

ಲಿಂಕನ್ನರ ಮಾತುಗಳನ್ನು ಮಾತ್ರ ಮೂಲದಲ್ಲಿ ಇದ್ದ ಹಾಗೆಯೇ ಓದಿ, ನಿಧಾನವಾಗಿ. ಹಳೆಯ ಇಂಗ್ಲಿಷಿನ ಉದ್ದ ವಾಕ್ಯಗಳನ್ನು ಎಲ್ಲಿ ಉಸಿರು ತೆಗೆದುಕೊಳ್ಳಬೇಕೆಂದು ಗುರುತು ಹಾಕಿಕೊಂಡು ಹತ್ತು ಸಲ ಗಟ್ಟಿಯಾಗಿ ಓದಬೇಕು. ನಮ್ಮ ಉಚ್ಚಾರಣೆಯ ಬಗ್ಗೆ ಸಂಕೋಚ ಬೇಡ. ಅವಸರದ ಬಗ್ಗೆ ಮಾತ್ರ ಎಚ್ಚರವಿರಲಿ.

ಆ ಸಂಜೆ

ಅಕ್ಷರ ದೊಡ್ಡದಾಗಿರಲಿ, ಕಾಗದದ ಒಂದೇ ಬದಿಗೆ ಅಚ್ಚು ಹಾಕಿಸಿ, ಪಿನ್ ಹೊಡೆಯಬೇಡಿ, ಪುಟಸಂಖ್ಯೆ ಮರೆಯಬೇಡಿ. ಔತಣದ ದೀಪಗಳು ಮಂದವಾಗಿರುತ್ತವೆ. ಅತಿಥಿಗಳು ಬರುವ ಮೊದಲೇ ಹೋಗಿ ಮೈಕ್ ಮುಂದೆ ನಿಂತು ನೋಡಿ. ನಿರೂಪಕರಿಗೆ ನಿಮ್ಮ ಪರಿಚಯವನ್ನು ನೀವೇ ನಾಲ್ಕು ಸಾಲಿನಲ್ಲಿ ಬರೆದುಕೊಡಿ, ಹೆಸರನ್ನು ಹೇಗೆ ಉಚ್ಚರಿಸಬೇಕು ಎನ್ನುವುದನ್ನೂ ಸೇರಿಸಿ. ಇಲ್ಲದಿದ್ದರೆ ನಿಮ್ಮ ಮೊದಲ ನಿಮಿಷ ಹೆಸರು ತಿದ್ದುವುದರಲ್ಲೇ ಹೋಗುತ್ತದೆ. ಊಟ ಅರ್ಧ ಮಾಡಿ. ತಟ್ಟೆ ಎತ್ತುವವರು ಕೆಲಸ ಮುಗಿಸುವವರೆಗೆ ಒಂದು ನಿಮಿಷ ಕಾಯುವುದಕ್ಕೆ ನಿರೂಪಕರನ್ನು ಒಪ್ಪಿಸಿ. ಆ ನಿಮಿಷಕ್ಕೆ ಬೆಲೆ ಕಟ್ಟಲಾಗದು.

ಭಾಷಣದ ಕೊನೆಗೆ ಲೋಟ ಎತ್ತಿ ಶುಭ ಕೋರುವ ಪದ್ಧತಿ ಇದ್ದರೆ ಆ ಕೋರಿಕೆ ಒಂದೇ ವಾಕ್ಯವಾಗಿರಲಿ. ಲೋಟದಲ್ಲಿ ನೀರಿದ್ದರೂ ಯಾರೂ ಕೇಳುವುದಿಲ್ಲ. ಈ ಒಂದು ವಾಕ್ಯದ ಬಲ ಗೊತ್ತಾಗಬೇಕಾದರೆ 1830ರ ಏಪ್ರಿಲ್ 13ಕ್ಕೆ ಹೋಗಬೇಕು. ವಾಷಿಂಗ್ಟನ್ನಿನ ಇಂಡಿಯನ್ ಕ್ವೀನ್ ಹೋಟೆಲಿನಲ್ಲಿ ಜೆಫರ್ಸನ್ ಜನ್ಮದಿನದ ಭೋಜನ. ಮೊದಲೇ ಗೊತ್ತುಪಡಿಸಿದ ಇಪ್ಪತ್ತನಾಲ್ಕು ಕೋರಿಕೆಗಳಲ್ಲಿ ಅನೇಕವು ಒಕ್ಕೂಟದ ಕಾನೂನನ್ನು ರಾಜ್ಯಗಳು ತಳ್ಳಿಹಾಕಬಹುದು ಎಂಬ ವಾದದ ಕಡೆಗೆ ವಾಲಿದ್ದವು. ಆಮೇಲೆ ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್ ಎದ್ದರು. ಕುಳ್ಳಗಿದ್ದ ವಿದೇಶಾಂಗ ಸಚಿವ ವಾನ್ ಬ್ಯೂರನ್ ಅದನ್ನು ನೋಡಲೆಂದು ಕುರ್ಚಿಯ ಮೇಲೆ ಹತ್ತಿ ನಿಂತಿದ್ದರಂತೆ. ಜಾಕ್ಸನ್ ಹೇಳಿದ್ದು ಇಷ್ಟು: ನಮ್ಮ ಒಕ್ಕೂಟ, ಅದು ಉಳಿಯಲೇಬೇಕು. ಅಲ್ಲೇ ಇದ್ದ ಉಪಾಧ್ಯಕ್ಷ ಕ್ಯಾಲ್ಹೂನ್ ಉತ್ತರ ಕೊಟ್ಟರು: ಒಕ್ಕೂಟ, ನಮ್ಮ ಸ್ವಾತಂತ್ರ್ಯದ ನಂತರ ನಮಗೆ ಅತ್ಯಂತ ಪ್ರಿಯವಾದದ್ದು. ಅವರು ಅಷ್ಟಕ್ಕೇ ನಿಲ್ಲಿಸದೆ ಮಾತು ಮುಂದುವರಿಸಿದರು. ಜನರ ನೆನಪಿನಲ್ಲಿ ಉಳಿದದ್ದು ಜಾಕ್ಸನ್ನರ ಸಾಲು.

ಮುಗಿಸಿ ಕುಳಿತ ಮೇಲೆ ಜೇಬಿನಲ್ಲಿರುವ ಭಾಷಣದ ಇನ್ನೊಂದು ಪ್ರತಿಯನ್ನು ಕಾರ್ಯದರ್ಶಿಯ ಕೈಗೆ ಕೊಟ್ಟು ಬನ್ನಿ. ಮೇಲೆ ತಾರೀಖು, ಯಾವ ದಾಖಲೆಯನ್ನು ಆಧರಿಸಿದ್ದು ಎನ್ನುವುದು, ಅದು ಯಾವ ಸಂಪುಟದ ಯಾವ ಪುಟದಲ್ಲಿದೆ ಎನ್ನುವುದು ಬರೆದಿರಲಿ. ಮುಂದಿನ ಜನವರಿಯಲ್ಲಿ ಯಾರೋ ಒಬ್ಬರು ಫೋನ್ ಮಾಡಿ, ಹೋದ ವರ್ಷ ಏನು ಮಾತನಾಡಿದ್ದರು ಎಂದು ಅವರನ್ನು ಕೇಳುತ್ತಾರೆ.